ಬೇವಿನ ಕಟ್ಟೆಯ ಮೇಲೆ ಬಾಳವ್ವ

ಬೈರಿದೇವರಕೊಪ್ಪದ ಹಳೇ ಓಣಿಯಲ್ಲಿ ಬಾಳವ್ವನ ಮನೆ ಕೇಳಿಕೊಂಡು ಬಂದವರಿಗೆ ಯಾರೂ ಮನೆ ನಂಬರ್ ಹೇಳುವುದಿಲ್ಲ. "ರೊಟ್ಟಿ ಬಡ್ಯೂ ಸಪ್ಪಳ ಎಲ್ಲಿಂದ ಬರತೈತಿ ನೋಡ್ರಿ, ಅದ ಮನಿ" ಎಂದು ಕೈ ತೋರಿಸುತ್ತಾರೆ. ಕೋಳಿ ಕೂಗುವ ಮುಂಚೆ ಶುರುವಾದ ಆ ಸಪ್ಪಳ ಮಧ್ಯಾಹ್ನ ಒಂದಿಷ್ಟು ಹೊತ್ತು ನಿಂತು, ಇಳಿಹೊತ್ತಿಗೆ ಮತ್ತೆ ಏಳುತ್ತದೆ. ಹಿಟ್ಟಿನ ಮೇಲೆ ಬೀಳುವ ಅಂಗೈಯ ಏಟು ಕೇಳಿಯೇ ಆಕೆಗೆ ಇವತ್ತು ಸಿಟ್ಟು ಎಷ್ಟಿದೆ ಎಂದು ಓಣಿಯವರು ಹೇಳಬಲ್ಲರು. ಸಿಟ್ಟು ಬಂದ ದಿನ ರೊಟ್ಟಿ ತೆಳ್ಳಗಾಗುತ್ತವೆ. ಬಾಳವ್ವನ ರೊಟ್ಟಿ ಯಾವಾಗಲೂ ತೆಳ್ಳಗೇ ಇರುತ್ತವೆ.

ಆಕೆ ಈ ಓಣಿಗೆ ಬಂದದ್ದು ಸೊಸೆಯಾಗಿ. ಆಗ ಸುತ್ತಲೆಲ್ಲ ಕರಿ ಮಣ್ಣಿನ ಎರಿ ಹೊಲ, ಹತ್ತಿ, ಜೋಳ. ಆಮೇಲೆ ಹುಬ್ಬಳ್ಳಿ ಒಂದು ಕಡೆಯಿಂದ ಬೆಳೆಯುತ್ತ ಬಂತು, ನವನಗರ ಇನ್ನೊಂದು ಕಡೆಯಿಂದ. ಹೊಲಗಳು ಪ್ಲಾಟುಗಳಾದವು, ಪ್ಲಾಟುಗಳ ಮೇಲೆ ಎರಡಂತಸ್ತಿನ ಮನೆಗಳು ಎದ್ದವು, ದೊಡ್ಡ ರಸ್ತೆಯ ನಡುವೆ ಚಿಗರಿ ಎಂಬ ಹೊಸ ಬಸ್ಸು ಓಡಾಡತೊಡಗಿತು. ಬಾಳವ್ವನ ಗಂಡನ ಪಾಲಿನ ಹೊಲವೂ ಹೀಗೇ ಹೋಯಿತು, ಕೆಲವು ವರ್ಷಗಳಲ್ಲಿ ಗಂಡನೂ ಹೋದ. ಮನೆಯಲ್ಲಿ ಉಳಿದವರು ಆಕೆ ಮತ್ತು ಅತ್ತೆ ನೀಲಗಂಗವ್ವ. ಯಾರ ಮುಂದೆಯೂ ಕೈ ಒಡ್ಡುವುದಿಲ್ಲ ಎಂದು ಬಾಳವ್ವ ಆ ಕೈಯನ್ನು ಜೋಳದ ಹಿಟ್ಟಿಗೆ ಹಾಕಿದಳು. ಮೊದಲು ಲಗ್ನದ ಮನೆಗಳಿಗೆ, ಆಮೇಲೆ ಖಾನಾವಳಿಗಳಿಗೆ, ಈಗ ರಸ್ತೆಯ ಆಚೆ ಬದಿಯ ಚಂದ್ರಿಕಾ ಬಾರಿಗೂ ಆಕೆಯ ರೊಟ್ಟಿಯೇ ಹೋಗುತ್ತದೆ. ಹಳೇ ಹುಬ್ಬಳ್ಳಿಯಿಂದ ದಿನಾ ಬಸ್ಸು ಹತ್ತಿ ಬರುವ ಶಾಯಿಸ್ತಾ ಎಂಬ ಹುಡುಗಿ ಜೊತೆಗೆ ಕೂತು ರೊಟ್ಟಿ ಬೇಯಿಸುತ್ತಾಳೆ. ಹುಡುಗಿ ಎಂದರೆ ಎರಡು ಮಕ್ಕಳ ತಾಯಿ. ಬಾಳವ್ವನ ಲೆಕ್ಕದಲ್ಲಿ ಹುಡುಗಿ.

ಓಣಿಯು ದೊಡ್ಡ ರಸ್ತೆಗೆ ಸೇರುವ ಬಾಯಿಯಲ್ಲಿ ಬೇವಿನ ಕಟ್ಟೆ ಇದೆ. ಹಳೇ ಬೇವಿನ ಮರ, ಸುತ್ತ ಪರ್ಶಿಕಲ್ಲು ಹಾಸಿದ ಎತ್ತರದ ಕಟ್ಟೆ, ಮಗ್ಗುಲಿಗೆ ಮೈಲಾರಪ್ಪನ ಚಹಾದಂಗಡಿ. ಕಟ್ಟೆಯ ಮೇಲೆ ದೇವರಿಲ್ಲ. ನಾಗಪ್ಪನಿಲ್ಲ, ದ್ಯಾಮವ್ವನಿಲ್ಲ, ಕುಂಕುಮ ಹಚ್ಚಿದ ಒಂದು ಕಲ್ಲೂ ಇಲ್ಲ. ಇರುವವರು ಗಂಡಸರು. ಸಂಜೆಯಾದರೆ ಓಣಿಯ ಹಿರಿಯರು ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಕಲ್ಲಿನ ಮೇಲೆ ಕೂರುತ್ತಾರೆ. ಯಾರ ಪ್ಲಾಟು ಯಾರ ಪಾಲಾಯಿತು, ಕಾರ್ಪೊರೇಶನ್ನಿಗೆ ಈ ಸಲ ಯಾರು ನಿಲ್ಲುತ್ತಾರೆ, ಯಾರ ಮಗಳು ಎಷ್ಟು ಹೊತ್ತಿಗೆ ಮನೆಗೆ ಬಂದಳು, ಎಲ್ಲ ಅಲ್ಲಿ ತೀರ್ಮಾನವಾಗುತ್ತದೆ. ಈ ಹಿರಿಯರಿಗೆಲ್ಲ ಹಿರಿಯ ಕುಬೇರಪ್ಪ. ಬಾಳವ್ವನ ಗಂಡನ ಚಿಕ್ಕಪ್ಪನ ಮಗ, ವಾವೆಯಲ್ಲಿ ಆಕೆಗೆ ಭಾವ.

ಆ ಕಟ್ಟೆಯ ಮುಂದೆ ಹಾಯುವಾಗ ಓಣಿಯ ಹೆಣ್ಣುಮಕ್ಕಳು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿಯಬೇಕು, ತಲೆಯ ಮೇಲೆ ಸೆರಗು ಎಳೆದುಕೊಳ್ಳಬೇಕು, ದಾಟಿದ ಮೇಲೆ ಮತ್ತೆ ಮೆಟ್ಟಬೇಕು. ಹಿರಿಯರಿಗೆ ಕೊಡುವ ಮರ್ಯಾದೆ ಇದು. ಮದುವೆಯಾಗಿ ಬಂದ ವಾರದಲ್ಲೇ ನೀಲಗಂಗವ್ವ ಸೊಸೆಯನ್ನು ಬಾಗಿಲಲ್ಲಿ ನಿಲ್ಲಿಸಿ ಕಲಿಸಿದ ಮೊದಲ ಪಾಠ. ಹೊಸ ಲೇಔಟಿನ ಹೆಂಗಸರು ಬೂಟು ಹಾಕಿಕೊಂಡು ಟಕಟಕ ಹೋಗುತ್ತಾರೆ, ಸ್ಕೂಟಿಯ ಮೇಲೆ ಹಾರ್ನ್ ಹೊಡೆದು ಹೋಗುತ್ತಾರೆ. ಅವರಿಗೆ ಹೇಳುವ ಧೈರ್ಯ ಕಟ್ಟೆಯ ಮೇಲೆ ಯಾರಿಗೂ ಇಲ್ಲ. ಮನೆಯ ಸೊಸೆಯಂದಿರಿಗೆ ಹೇಳಲು ಧೈರ್ಯದ ಗರಜು ಇಲ್ಲವಲ್ಲ.

ಹಾಗೆಂದು ಬಾಳವ್ವ ಹುಟ್ಟು ಬಂಡಾಯಗಾರ್ತಿ ಎಂದು ಯಾರೂ ತಿಳಿಯಬಾರದು. ಅಷ್ಟೂ ವರ್ಷ ಆಕೆ ಚಪ್ಪಲಿ ಹಿಡಿದೇ ಓಡಾಡಿದಳು. ಬುಟ್ಟಿ ಹೊತ್ತು ಹೋಗುವ ದಿನಗಳಲ್ಲಿ ಚಪ್ಪಲಿಯನ್ನು ಮನೆಯಲ್ಲೇ ಬಿಟ್ಟು ಬರಿಗಾಲಲ್ಲಿ ಹೋಗುತ್ತಿದ್ದಳು. ಓಣಿಯಲ್ಲಿ ಮಣ್ಣಿದ್ದಾಗ ಅದು ನಡೆಯಿತು. ಕಳೆದ ವರ್ಷ ಓಣಿಗೆ ಕಾಂಕ್ರೀಟು ಹಾಕಿದರು. ಯುಗಾದಿ ಮುಗಿದ ಮೇಲಿನ ಬಿಸಿಲಿಗೆ ಆ ಕಾಂಕ್ರೀಟು ಸಂಜೆಯವರೆಗೂ ಹಂಚಿನಂತೆ ಕಾಯುತ್ತದೆ. ಮೊದಲೇ ಒಡೆದ ಹಿಮ್ಮಡಿ. ಅದರ ಮೇಲೆ ಬೊಬ್ಬೆ ಎದ್ದವು.

ಬೊಬ್ಬೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಾಗ ಶಾಯಿಸ್ತಾ ಕೇಳಿದಳು: "ಅವ್ವಾರ, ಚಪ್ಪಲಿ ಹಾಕ್ಕೊಂಡ್ರ ಏನಾಗತೈತ್ರಿ?"

"ಕಟ್ಟಿ ಮುಂದ ಕೈಯಾಗ ಹಿಡೀಬೇಕು ತಂಗಿ. ತಲಿಮ್ಯಾಲ ಬುಟ್ಟಿ, ಎಡಗೈಯಾಗ ಪಲ್ಯದ ಡಬ್ಬಿ. ಎಲ್ಲಿ ಹಿಡೀಲಿ?"

"ಕೊಡ್ರಿ, ನಾ ಹಿಡೀತೇನಿ."

"ನಿನ್ನ ತಲಿಮ್ಯಾಲೂ ರೊಟ್ಟಿ ಅದಾವು. ಚಪ್ಪಲಿ ಹಿಡದ ಕೈಲೆ ಅನ್ನ ಮುಟ್ತೀ ಏನು?"

ತಾನು ಆಡಿದ ಮಾತು ಬಾಳವ್ವನಿಗೆ ತನಗೇ ನಾಟಿತು. ಚಪ್ಪಲಿ ಹಿಡಿದರೆ ಅನ್ನಕ್ಕೆ ಅವಮಾನ. ಹಿಡಿಯದಿದ್ದರೆ ಕಟ್ಟೆಗೆ ಅವಮಾನ. ಎರಡನ್ನೂ ಉಳಿಸಲು ಹೋಗಿ ಇಷ್ಟು ದಿನ ಸುಟ್ಟುಕೊಂಡದ್ದು ತನ್ನ ಕಾಲು.

ಅವತ್ತು ಸಂಜೆ ಬಾಳವ್ವ ಚಪ್ಪಲಿ ಮೆಟ್ಟಿಯೇ ಹೊರಟಳು. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಬಿಳಿ ಅರಿವೆ ಮುಚ್ಚಿದ ರೊಟ್ಟಿ ಬುಟ್ಟಿ, ಎಡಗೈಯಲ್ಲಿ ಡಬ್ಬಿ. ಹಿಂದೆ ಶಾಯಿಸ್ತಾ. ಕಟ್ಟೆಯ ಹತ್ತಿರ ಬಂದಾಗ ಮಾತು ನಿಂತಿತು. ಗಂಡಸರ ಕಣ್ಣುಗಳು ಆಕೆಯ ಮುಖದಿಂದ ಕಾಲಿಗಿಳಿದವು.

"ಬಾಳವ್ವ," ಕುಬೇರಪ್ಪ ಕರೆದ, "ಏನೋ ಮರತಂಗ ಕಾಣಸ್ತೈತಿ?"

"ಏನೂ ಮರತಿಲ್ರಿ ಭಾವಾರ."

"ಕಾಲಾಗ ಏನದು?"

"ಚಪ್ಪಲಿ ಅದಾವ್ರಿ."

"ಇದು ಕಟ್ಟಿ ಐತಿ."

"ಗೊತ್ತೈತ್ರಿ. ತಲಿಮ್ಯಾಲ ಅನ್ನ ಐತಿ. ಚಪ್ಪಲಿ ಹಿಡದ ಕೈಲೆ ಅನ್ನ ಮುಟ್ಟಬಾರದು ಅಂತ ನೀವ ಹೇಳತೀರಿ. ಈಗ ನೀವ ಹೇಳ್ರಿ, ಅನ್ನ ದೊಡ್ಡದೋ ನೀವು ದೊಡ್ಡವರೋ?"

ಕೊರಳಲ್ಲಿ ಲಿಂಗ ಕಟ್ಟಿಕೊಂಡ, ಊಟದ ತಟ್ಟೆಗೆ ಕೈ ಮುಗಿಯದೆ ತುತ್ತು ಎತ್ತದ ಮನುಷ್ಯ ಕುಬೇರಪ್ಪ. ಅನ್ನಕ್ಕಿಂತ ನಾನು ದೊಡ್ಡವನು ಎಂದು ಹೇಗೆ ಹೇಳಿಯಾನು? ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು, "ಹೋಗು, ಹೋಗು. ಬುಟ್ಟಿ ಇಳಿಸಿ ಬಾ" ಎಂದ. ಬರುವಾಗ ಕೈ ಖಾಲಿ ಇರುತ್ತದಲ್ಲ, ಆಗ ನೋಡೋಣ ಎಂಬುದು ಆ ಮಾತಿನ ಅರ್ಥ. ಬಾಳವ್ವನಿಗೆ ಅದು ತಿಳಿಯಿತು.

ಚಂದ್ರಿಕಾದಲ್ಲಿ ರೊಟ್ಟಿ ಇಳಿಸಿ, ರಸ್ತೆ ದಾಟಿ, ಓಣಿಯ ಬಾಯಿಗೆ ಬಂದು ಆಕೆ ನಿಂತಳು. ಬುಟ್ಟಿ ಖಾಲಿ, ಡಬ್ಬಿ ಖಾಲಿ. ಹೋಗುವಾಗ ಅನ್ನದ ಆಸರೆ ಇತ್ತು. ಈಗ ಯಾವ ಆಸರೆಯೂ ಇರಲಿಲ್ಲ. ಬಗ್ಗಿ ಎರಡು ಚಪ್ಪಲಿ ಎತ್ತಿಕೊಂಡರೆ ಮುಗಿದೇ ಹೋಗುತ್ತಿತ್ತು. ಊರು ಅಂದದ್ದನ್ನೆಲ್ಲ ಮರೆತು ನಾಳೆ ರೊಟ್ಟಿ ತಿನ್ನುತ್ತಿತ್ತು. ಆಕೆಗೆ ಹೆದರಿಕೆ ಆಗಿತ್ತು, ಅದನ್ನು ಮುಚ್ಚಿಡುವುದೇಕೆ. ಆದರೂ ಬಗ್ಗಲಿಲ್ಲ. ಚಪ್ಪಲಿಯ ಚಟಚಟ ಸಪ್ಪಳವನ್ನು ಕಟ್ಟೆಯ ಈ ತುದಿಯಿಂದ ಆ ತುದಿಯವರೆಗೆ ಕೇಳಿಸುತ್ತ ನಡೆದುಹೋದಳು.

ಮನೆಗೆ ಬರುವ ಮುಂಚೆ ಸುದ್ದಿ ಬಂದಿತ್ತು. ಒಳಗೋಡೆಗೆ ಆತುಕೊಂಡು ಕೂತ ನೀಲಗಂಗವ್ವ ಮುಖ ಆಚೆ ತಿರುಗಿಸಿದಳು. ಎಂಬತ್ತು ದಾಟಿದ ಮುದುಕಿ. ಕಣ್ಣು ಮಂಜು, ಕಿವಿ ಮಾತ್ರ ಬೇಡವಾದದ್ದನ್ನೆಲ್ಲ ಕೇಳುತ್ತದೆ.

"ನನ್ನ ಮರ್ವಾದಿ ತಗದಿ. ಆ ಮನಿ ಮುದುಕಿ ಸೊಸಿಗೆ ಏನೂ ಕಲಸಿಲ್ಲ ಅಂತ ಊರು ಅಂತೈತಿ. ನಾನೂ ಹಿಡದೇನಿ, ಜೀವನಪೂರ್ತಿ ಹಿಡದೇನಿ. ನನ್ನ ಕೈ ಸವದಾವೇನು?"

"ಕೈ ಸವದಿಲ್ರಿ ಅತ್ತಿ. ಕಾಲ ನೋಡ್ರಿ." ಬಾಳವ್ವ ಅತ್ತೆಯ ಮುಂದೆ ಕೂತು ಪಾದ ಚಾಚಿದಳು. ಕಣ್ಣು ಕಾಣದ ಮುದುಕಿ ಕೈಯಿಂದ ಮುಟ್ಟಿ ನೋಡಿದಳು. ಒಡೆದ ಬೊಬ್ಬೆ ಬೆರಳಿಗೆ ಸಿಕ್ಕಾಗ ಕೈ ಹಿಂದೆಗೆದುಕೊಂಡಳು. ಅಂದು ಆಕೆ ಮತ್ತೆ ಮಾತಾಡಲಿಲ್ಲ, ಊಟವನ್ನೂ ಸೊಸೆಯ ಕೈಯಿಂದ ಇಸಿದುಕೊಳ್ಳದೆ ತಾನೇ ಬಡಿಸಿಕೊಂಡಳು.

ಮರುದಿನ ಕಟ್ಟೆಯ ಮೇಲೆ ಬೇರೆ ಮಾತೇ ಇರಲಿಲ್ಲ. ಬಾಳವ್ವ ಬುಟ್ಟಿ ಹೊತ್ತು ಬರುವುದನ್ನು ನೋಡಿಯೇ ಕುಬೇರಪ್ಪ ಎಲ್ಲರಿಗೂ ಕೇಳುವಂತೆ ದನಿ ಏರಿಸಿದ.

"ಬಾರಿಗೆ ರೊಟ್ಟಿ ಹೊರೂ ಹೆಣ್ಣಿಗೆ ಕಟ್ಟಿ ಕಿಮ್ಮತ್ತು ಏನ ಗೊತ್ತಾಗತೈತಿ? ಇವತ್ತ ಚಪ್ಪಲಿ ಮೆಟ್ಟಿ ಹಾದಳು. ನಾಳೆ ಬಂದು ನಮ್ಮ ಮಗ್ಗಲದಾಗ ಕುಂದ್ರತಾಳ, ನೋಡ್ರಿ!"

ಗಂಡಸರು ನಕ್ಕರು. ಬಾಳವ್ವ ನಡೆಯುತ್ತಲೇ ಇದ್ದಳು, ಆದರೆ ಆ ಮಾತು ಆಕೆಯ ಕಾಲಿಗೆ ತೊಡರಿತು. ಕುಂದ್ರತಾಳ. ಬೆಳಗಿನ ಜಾವದಿಂದ ಒಲೆಯ ಮುಂದೆ ಒಂದೇ ಕಾಲು ಮಡಚಿ ಕೂತವಳಿಗೆ, ಸಂಜೆ ಹೊತ್ತು ಕಾಲು ಇಳಿಬಿಟ್ಟು ಗಾಳಿಗೆ ಕೂರುವ ಒಂದು ಜಾಗ ಈ ಊರಿನಲ್ಲಿ ಎಲ್ಲಿದೆ? ಗುಡಿಯಲ್ಲಿ ಕೂರಬಹುದು, ದೇವರ ಹೆಸರು ಹೇಳುತ್ತ. ಸತ್ತವರ ಮನೆಯಲ್ಲಿ ಕೂರಬಹುದು, ಅಳುತ್ತ. ಸುಮ್ಮನೆ, ಯಾವ ಕೆಲಸವೂ ಇಲ್ಲದೆ ಕೂರುವ ಜಾಗ ಗಂಡಸರಿಗೆ ಮಾತ್ರ ಇತ್ತು. ಇಷ್ಟು ವರ್ಷ ಇದು ತನಗೆ ಹೊಳೆದೇ ಇರಲಿಲ್ಲವಲ್ಲ ಎಂದು ಆಕೆಗೆ ತನ್ನ ಮೇಲೆಯೇ ಸಿಟ್ಟು ಬಂತು. ಹೊಳೆಯಿಸಿದವನು ಕುಬೇರಪ್ಪ.

ಬಾರಿನಿಂದ ವಾಪಸ್ಸು ಬಂದವಳು ಕಟ್ಟೆಯ ಮುಂದೆ ನಿಂತಳು. ಖಾಲಿ ಬುಟ್ಟಿಯನ್ನು ಪರ್ಶಿಯ ಮೇಲೆ ಇಟ್ಟಳು. ಆಮೇಲೆ ತಾನೂ ಕೂತಳು.

"ಭಾವಾರ, ಛಲೋ ನೆನಪ ಮಾಡಿದ್ರಿ. ಬಾ ಶಾಯಿಸ್ತಾ, ಕುಂದರು."

ಶಾಯಿಸ್ತಾ ಒಂದು ಸಲ ಗಂಡಸರನ್ನು, ಒಂದು ಸಲ ಬಾಳವ್ವನನ್ನು ನೋಡಿ, ತುದಿಯ ಕಲ್ಲಿನ ಮೇಲೆ ಅರ್ಧ ಕೂತಳು. "ಮೈಲಾರಪ್ಪ, ಒಂದು ಬೈ ಟೂ ಕೊಡಪಾ" ಎಂದಳು ಬಾಳವ್ವ. ಮೈಲಾರಪ್ಪನ ಕೈಯಲ್ಲಿ ಚಹಾದ ಸೌಟು ಹಾಗೇ ನಿಂತಿತು. ಅತ್ತ ದರಿ, ಇತ್ತ ಪುಲಿ.

"ಅವ್ವಾರ, ಪಾರ್ಸಲ್ ಕಟ್ಟಲೇನ್ರಿ? ಮನಿಗೆ ಹೋಗಿ ಆರಾಮ ಕುಡೀಬಹುದು."

"ಇಲ್ಲೇ ಆರಾಮ ಐತಿ."

ಮೈಲಾರಪ್ಪ ಕುಬೇರಪ್ಪನ ಮುಖ ನೋಡಿದ, ಕುದಿಯುವ ಚಹಾ ನೋಡಿದ. ಮೂವತ್ತು ವರ್ಷ ಈ ಹಿರಿಯರು ಒಂದು ಚಹಾ ಹೇಳಿ ಸಂಜೆಪೂರ್ತಿ ಕಲ್ಲು ಬಿಸಿ ಮಾಡಿದ್ದು ನೆನಪಾಗಿರಬೇಕು. ಎರಡು ಗ್ಲಾಸಿಗೆ ಅರ್ಧರ್ಧ ಸುರಿದು ತಂದಿಟ್ಟ. ಆಗ ಕುಬೇರಪ್ಪ ಎದ್ದ. "ಹೆಣ್ಣು ಕುಂತ ಕಟ್ಟಿಮ್ಯಾಲ ನಾವು ಕುಂದರಂಗಿಲ್ಲ. ನಡೀರಿ" ಎಂದ. ಉಳಿದವರು ಧೋತರ ಝಾಡಿಸುತ್ತ ಹಿಂದೆ ಹೋದರು. ಕಟ್ಟೆಯ ಮೇಲೆ ಇಬ್ಬರೇ ಹೆಂಗಸರು, ಅವರ ನಡುವೆ ಒಂದು ಖಾಲಿ ಬುಟ್ಟಿ ಉಳಿಯಿತು.

ಬಾಳವ್ವ ದಿನಾ ಸಂಜೆ ಬಂದು ಕೂರತೊಡಗಿದಳು. ಎದ್ದು ಹೋದವರು ಎಲ್ಲಿಗೆ ಹೋಗಬೇಕು? ಸಿಟ್ಟಿನಲ್ಲಿ ಯಾರೂ ಇದನ್ನು ಯೋಚಿಸಿರಲಿಲ್ಲ. ಮನೆಗೆ ಹೋದರೆ ಟಿವಿ ಮುಂದೆ ಹೆಂಡತಿ, ಸೊಸೆ. ಗುಡಿಗೆ ಹೋದರೆ ಭಜನೆ ಮಾಡಬೇಕು. ಲೇಔಟಿನ ಪಾರ್ಕಿನ ಬೆಂಚಿನಲ್ಲಿ ಕಾಲೇಜು ಹುಡುಗರು. ಎರಡು ಸಂಜೆ ರಸ್ತೆಯ ಬದಿಗೆ ನಿಂತು ಕಾಲು ಸೋತ ಮೇಲೆ ಯಾರೋ ಒಬ್ಬರು, "ಚಂದ್ರಿಕಾದಾಗ ಫ್ಯಾಮಿಲಿ ರೂಮ್ ಐತಂತ. ಫ್ಯಾನ್ ಐತಂತ. ಸೋಡಾ ಅಷ್ಟ ಕುಡದು ಬರೂಣು" ಎಂದರು. ಆ ಫ್ಯಾಮಿಲಿ ರೂಮಿನಲ್ಲಿ ಇಲ್ಲಿಯವರೆಗೆ ಯಾವ ಫ್ಯಾಮಿಲಿಯೂ ಕಾಲಿಟ್ಟದ್ದಿಲ್ಲ. ಕೆಂಪು ಪರದೆ, ಮಂದ ದೀಪ. ಬಾರಿನ ಹೆಸರೆತ್ತಿದರೆ ಥೂ ಎನ್ನುತ್ತಿದ್ದ ಹಿರಿಯರು ಪರದೆಯ ಹಿಂದೆ ಕೂತು ಮೊದಲ ದಿನ ಸೋಡಾ ಕುಡಿದರು. ಎರಡನೆಯ ದಿನ ಸೋಡಾಕ್ಕೆ ಇನ್ನೇನೋ ಸೇರಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದಕ್ಕೆ ಅಭ್ಯಾಸವೇನೂ ಬೇಕಾಗುವುದಿಲ್ಲ.

ಬಾಳವ್ವನಿಗೆ ಗೊತ್ತಾದದ್ದು ಒಂದು ಸಂಜೆ ಬಾರಿನವನು, "ಅವ್ವಾರ, ಇವತ್ತ ಕೈಯಾಳು ಬಂದಿಲ್ಲ. ಒಳಗ ಒಂದಿಷ್ಟು ಬಿಸಿ ರೊಟ್ಟಿ ಕೊಟ್ಟು ಹೋಗ್ರಿ" ಎಂದಾಗ. ಪರದೆ ಸರಿಸಿದಳು. ಕಟ್ಟೆಗೆ ಕಟ್ಟೆಯೇ ಅಲ್ಲಿತ್ತು. ಕುಬೇರಪ್ಪನ ಮುಂದಿನ ತಟ್ಟೆಯಲ್ಲಿ ಆಕೆಯದೇ ರೊಟ್ಟಿ ಮುರಿದು ಬಿದ್ದಿತ್ತು, ಗ್ಲಾಸಿನಲ್ಲಿದ್ದದ್ದು ಸೋಡಾ ಅಲ್ಲ ಎಂದು ವಾಸನೆಯೇ ಹೇಳುತ್ತಿತ್ತು.

"ಭಾವಾರ," ಎಂದಳು ಬಾಳವ್ವ, "ಇನ್ನೊಂದು ರೊಟ್ಟಿ ಹಾಕಲೇನ್ರಿ?"

ಕುಬೇರಪ್ಪ ತಲೆ ಎತ್ತಲಿಲ್ಲ. ಆಕೆ ಅವನ ತಟ್ಟೆಗೆ ಒಂದು ರೊಟ್ಟಿ ಹಾಕಿ, ಉಳಿದವರಿಗೂ ಹಾಕಿ, ಪರದೆಯನ್ನು ಮೊದಲಿದ್ದ ಹಾಗೆ ಎಳೆದು ಬಂದಳು. ಆ ಮಾತನ್ನು ಆಕೆ ಊರಲ್ಲಿ ಯಾರಿಗೂ ಹೇಳಲಿಲ್ಲ. ಅವರ ಕುಡಿತ ಹೇಳಿ ತನ್ನ ಜಾಗ ಗಿಟ್ಟಿಸುವುದು ಆಕೆಗೆ ಬೇಕಿರಲಿಲ್ಲ. ಕಟ್ಟೆ ಬೇಕಿತ್ತು, ಅಷ್ಟೇ.

ಆದರೆ ವಾಸನೆಗೆ ಪರದೆ ಎಲ್ಲಿ? ವಾರ ಕಳೆಯುವುದರೊಳಗೆ ಹೆಂಡಂದಿರಿಗೆ ಎಲ್ಲ ತಿಳಿಯಿತು. ತಿಳಿದ ಹೆಂಡಂದಿರು ಗಂಡಂದಿರನ್ನು ಬೈಯಲಿಲ್ಲ; ಒಟ್ಟಾಗಿ ಕಟ್ಟೆಗೆ ಬಂದರು, ಬಾಳವ್ವನ ಹತ್ತಿರ. ಮುಂದಾಳು ಕುಬೇರಪ್ಪನ ಹೆಂಡತಿ ದಾಕ್ಷಾಯಿಣಿ. ಎಲ್ಲರೂ ತಲೆಯ ಮೇಲೆ ಸೆರಗು ಹೊದ್ದಿದ್ದರು, ಚಪ್ಪಲಿ ಕೈಯಲ್ಲಿದ್ದವು. ಕಟ್ಟೆಯ ಮೇಲೆ ಒಬ್ಬ ಗಂಡಸೂ ಇರಲಿಲ್ಲ. ಆದರೂ ಕೈಯಲ್ಲೇ ಇದ್ದವು.

"ಬಾಳವ್ವ, ನಿನಗ ಕೈ ಮುಗೀತೇನಿ, ಎದ್ದುಬಿಡು," ಎಂದಳು ದಾಕ್ಷಾಯಿಣಿ. "ನೀ ಎದ್ದರ ಅವರು ಇಲ್ಲಿ ಬಂದು ಕುಂದ್ರತಾರ. ಹುಟ್ಟಿದಾಗಿಂದ ಮುಟ್ಟಲಾರದ್ದನ್ನ ಈಗ ಮುಟ್ಟಾಕತ್ತಾರ. ನಮ್ಮ ಮನಿ ಹಾಳಾಗಾಕತ್ತೈತಿ."

"ಅಕ್ಕಾರ, ಅವರಿಗೆ ನಾ ಕುಡಸಾಕತ್ತೇನೇನ್ರಿ?"

"ನೀ ಕುಂತದ್ದಕ್ಕ ಅಲ್ಲೇನ ಅವರು ಹೋಗಿದ್ದು?"

ಗಂಡಸರು ನಕ್ಕಾಗ ಬಾಳವ್ವನಿಗೆ ಇಷ್ಟು ನೋವಾಗಿರಲಿಲ್ಲ. ಇವರೊಂದಿಗೆ ಆಕೆ ಶಾವಿಗೆ ಹೊಸೆದಿದ್ದಳು, ಬಾಣಂತನ ಮಾಡಿದ್ದಳು, ಹೆಣದ ಮುಂದೆ ಕೂತು ಅತ್ತಿದ್ದಳು. ದಾಕ್ಷಾಯಿಣಿಯ ಕಣ್ಣಲ್ಲಿ ನೀರಿತ್ತು, ಅದು ಸುಳ್ಳಿನ ನೀರಲ್ಲ. ಏಳಬೇಕೆನಿಸಿತು. ಎದ್ದರೆ ಇವರೆಲ್ಲ ನಾಳೆಯಿಂದ ಮತ್ತೆ ನಗುನಗುತ್ತ ಮಾತಾಡಿಸುತ್ತಾರೆ, ಕಡ ಕೇಳಲು ಬರುತ್ತಾರೆ. ಆಮೇಲೆ? ಆಮೇಲೆ ಮತ್ತೆ ಚಪ್ಪಲಿ ಕೈಯಲ್ಲಿ, ಸಾಯುವವರೆಗೆ.

"ಏಳಂಗಿಲ್ಲ ಅಕ್ಕಾರ. ಅವರಿಗೆ ಕುಂದರಬ್ಯಾಡ್ರಿ ಅಂತ ನಾ ಅಂದಿಲ್ಲ, ಕಟ್ಟಿ ಇಷ್ಟುದ್ದ ಐತಿ. ನೀವೂ ಕುಂದರ್ರಿ. ಗಂಡಂದಿರನ್ನ ಕರಕೊಂಡ ಬಂದು ಮಗ್ಗಲದಾಗ ಕುಂದ್ರಸ್ಕೋರಿ."

"ಶಿವ ಶಿವಾ!" ದಾಕ್ಷಾಯಿಣಿ ಹಿಂದೆ ಸರಿದಳು. ಒಬ್ಬರೂ ಕೂರಲಿಲ್ಲ. ಬಂದಂತೆಯೇ, ಕೈಯಲ್ಲಿ ಚಪ್ಪಲಿ ಹಿಡಿದೇ, ತಿರುಗಿ ಹೋದರು. ಮರುದಿನದಿಂದ ಓಣಿಯ ಮನೆಗಳಿಗೆ ಬಾಳವ್ವನ ರೊಟ್ಟಿ ಬೇಡವಾಯಿತು. ಆ ವಾರ ಶಾಯಿಸ್ತಾಳ ಮಗಳಿಗೆ ಜ್ವರ ಬಂದು ಆಕೆಯೂ ಕೆಲಸಕ್ಕೆ ಬರಲಿಲ್ಲ. ಬಾಳವ್ವ ಒಬ್ಬಳೇ ರೊಟ್ಟಿ ಬಡಿದಳು, ಒಬ್ಬಳೇ ಬುಟ್ಟಿ ಹೊತ್ತಳು, ಸಂಜೆ ಆ ಉದ್ದದ ಕಟ್ಟೆಯ ಮೇಲೆ ಒಬ್ಬಳೇ ಕೂತು ಚಹಾ ಕುಡಿದಳು. ಬೈ ಟೂ ಮಾಡಲು ಎರಡನೆಯವರಿರಲಿಲ್ಲ. ಮೈಲಾರಪ್ಪ ಅರ್ಧ ಚಹಾ ತಂದಿಟ್ಟು ಉಳಿದರ್ಧವನ್ನು ತಾನೇ ಕುಡಿದ.

ಹೀಗೆ ಒಂದು ದಿನ ಮನೆಗೆ ಬಂದು ಕಾಲು ತೊಳೆಯುತ್ತಿದ್ದಾಗ, ಅಷ್ಟು ದಿನ ಮಾತು ಬಿಟ್ಟಿದ್ದ ನೀಲಗಂಗವ್ವ ಒಳಗಿನಿಂದ ಕೇಳಿದಳು: "ಅಲ್ಲಿ ಕುಂತರ ಹೆಂಗ ಇರತೈತಿ?"

ಬಾಳವ್ವನಿಗೆ ಮೊದಲು ತಿಳಿಯಲಿಲ್ಲ. "ಎಲ್ಲಿರಿ ಅತ್ತಿ?"

"ಕಟ್ಟಿಮ್ಯಾಲ."

ಬಾಳವ್ವ ಒರೆಸಿಕೊಳ್ಳುತ್ತಿದ್ದ ಕಾಲನ್ನು ಹಾಗೇ ಬಿಟ್ಟು ಹೊಸ್ತಿಲ ಮೇಲೆ ಕೂತಳು. "ತಂಪ ಇರತೈತ್ರಿ. ಪರ್ಶಿ ತಂಪು, ಬೇವಿನ ಗಾಳಿ ತಂಪು. ಚಿಗರಿ ಬಸ್ ಹೋಗೂದು ಕಾಣತೈತಿ. ಯಾರ್ಯಾರೋ ಇಳೀತಾರ, ಹತ್ತತಾರ. ಸುಮ್ನ ನೋಡ್ಕೊತ ಕುಂದ್ರೂದು."

ಮುದುಕಿ ಗೋಡೆಗೆ ಹೇಳುವವಳಂತೆ ಮೆಲ್ಲಗೆ ಹೇಳಿದಳು: "ಆ ಕಟ್ಟಿ ಕಟ್ಟುವಾಗ ಗಾರಿಗೆ ನೀರು ಹೊತ್ತಾಕಿ ನಾನು. ನಿನ್ನ ಗಂಡ ಹೊಟ್ಟ್ಯಾಗ ಇದ್ದ. ಬಾವಿಯಿಂದ ಕೊಡ ಹೊತ್ತ ಹೊತ್ತ ನಡಾ ಮುರದಿತ್ತು. ಕಟ್ಟಿ ಮುಗಿದ ದಿನ ನಿಮ್ಮ ಮಾವ ಮೊದಲ ಹತ್ತಿ ಕುಂತ್ರು. ನಾ ಚಪ್ಪಲಿ ಹಿಡಕೊಂಡು ಮುಂದ ಹಾದು ಮನಿಗೆ ಬಂದೆ." ಮುಖ ಇತ್ತ ತಿರುಗಿಸಿ, "ಅದರ ಪರ್ಶಿ ತಂಪೋ ಬಿಸಿಯೋ ನನಗ ಗೊತ್ತಿಲ್ಲ" ಎಂದಳು.

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ಈ ಅತ್ತೆಗೆ ಆ ಕಾಲ ಬಂದೇ ಇರಲಿಲ್ಲ. ಬಾಳವ್ವನಿಗೆ ಅಳು ಬಂತು. ಅಳುವುದಕ್ಕಿಂತ ಹೆಚ್ಚು ಸಿಟ್ಟು ಬಂತು. ಮರುದಿನದ ರೊಟ್ಟಿ ಕಾಗದದಷ್ಟು ತೆಳ್ಳಗಿದ್ದವು.

ಅದೇ ದಿನ ಚಂದ್ರಿಕಾದಲ್ಲೊಂದು ಅನಾಹುತ ನಡೆಯಿತು. ಫ್ಯಾಮಿಲಿ ರೂಮಿಗೆ ನಿಜವಾಗಿಯೂ ಒಂದು ಫ್ಯಾಮಿಲಿ ಬಂತು. ಯಾರದೋ ಮಗುವಿನ ಹುಟ್ಟುಹಬ್ಬ, ಬಲೂನು, ಕೇಕು, ಹಾಡು. ಹಿರಿಯರಿಗೆ ಹೊರಗೆ ಬೆಳಕಿನಲ್ಲಿ, ಎಲ್ಲರಿಗೂ ಕಾಣುವ ಟೇಬಲ್ಲಿಗೆ ಕೂರಿರಿ ಎಂದರು. ಕುಬೇರಪ್ಪ ಅಲ್ಲಿಂದ ಹೊರಬಿದ್ದವನೇ ಒಂದು ನಿರ್ಧಾರ ಮಾಡಿದ. ಬಾಳವ್ವ ಬರುವ ಮುಂಚೆ ಹೋಗಿ ಕಟ್ಟೆ ತುಂಬಬೇಕು. ಕಾಲು ಚಾಚಿ, ಟವೆಲ್ ಹಾಸಿ, ಒಂದು ಹೆಣ್ಣಿಗೆ ಕೂರಲು ಒಂದು ಗೇಣು ಕಲ್ಲನ್ನೂ ಬಿಡಬಾರದು.

ಬಾಳವ್ವ ಬರುವಷ್ಟರಲ್ಲಿ ಕಟ್ಟೆ ತುಂಬಿತ್ತು. ಆದರೆ ಅಂದು ಆಕೆಯ ತಲೆಯ ಮೇಲೆ ಬುಟ್ಟಿ ಇರಲಿಲ್ಲ. ತೋಳಿಗೆ ಆತುಕೊಂಡು ನೀಲಗಂಗವ್ವ ಇದ್ದಳು. ಒಂದು ಕೈಯಲ್ಲಿ ಕೋಲು. ಇನ್ನೊಂದು ಕೈಯಲ್ಲಿ, ಓಣಿಯ ತಿರುವಿನಲ್ಲೇ ತಾನಾಗಿ ಬಗ್ಗಿ ಕಳಚಿಕೊಂಡ ತನ್ನ ಚಪ್ಪಲಿ. ಬಾಳವ್ವ ಬೇಡವೆಂದರೂ ಕೇಳಿರಲಿಲ್ಲ, ಮನಸ್ಸು ಕಟ್ಟೆಗೆ ಹೊರಟರೂ ಕೈ ಹಳೇ ಅಭ್ಯಾಸ ಬಿಡದು. ಆ ಮುದುಕಿ ಮನೆ ಬಿಟ್ಟು ಹೊರಗೆ ಬಂದು ಯಾವ ಕಾಲವಾಗಿತ್ತೋ. ಬಾಗಿಲು ಬಾಗಿಲಿಗೆ ಹೆಂಗಸರು ಬಂದು ನಿಂತರು. ಅವರ ನಡುವೆ ದಾಕ್ಷಾಯಿಣಿಯೂ ಇದ್ದಳು.

ಕಟ್ಟೆಯ ಮುಂದೆ ಬಂದು ಅತ್ತೆ ಸೊಸೆ ನಿಂತರು. ಕುಬೇರಪ್ಪ ಕಾಲು ಮಡಚಲಿಲ್ಲ. "ಏನ ದೊಡ್ಡವ್ವಾ, ಈ ವಯಸ್ಸಿನ್ಯಾಗ ಎಲ್ಲಿಗೆ ಹೊಂಟಿ?" ಎಂದ.

ಬಾಳವ್ವ ಅತ್ತೆಯ ಕೈಯಿಂದ ಚಪ್ಪಲಿ ಬಿಡಿಸಿಕೊಂಡಳು. ಮುದುಕಿಯ ಬೆರಳುಗಳು ಬಿಗಿಯಾಗಿದ್ದವು, ಒಂದೊಂದಾಗಿ ಬಿಡಿಸಬೇಕಾಯಿತು. ಕೆಳಗೆ ಕೂತು, ಎಲ್ಲರ ಕಣ್ಣೆದುರು, ಆ ಎರಡು ಚಪ್ಪಲಿಯನ್ನು ಆಕೆಯ ಪಾದಗಳ ಮುಂದೆ ಇಟ್ಟಳು.

"ಹಾಕ್ಕೊಳ್ರಿ ಅತ್ತಿ."

"ಬ್ಯಾಡ ಯವ್ವಾ..."

"ಹಾಕ್ಕೊಳ್ರಿ. ನಾ ಅದೇನಿ."

ನೀಲಗಂಗವ್ವ ಕೋಲು ಊರಿ, ಒಂದು ಪಾದ ತೂರಿಸಿದಳು, ಇನ್ನೊಂದು ತೂರಿಸಿದಳು. ಆ ಕಾಂಕ್ರೀಟಿನ ಮೇಲೆ, ಆ ಬೇವಿನ ಕೆಳಗೆ, ಆಕೆಯ ಕಾಲಲ್ಲಿ ಚಪ್ಪಲಿ ಇದ್ದದ್ದು ಅದೇ ಮೊದಲು. ಒಮ್ಮೆ ನೆಟ್ಟಗೆ ನಿಂತಳು. ಆಮೇಲೆ ಮಂಜುಗಣ್ಣನ್ನು ಕಟ್ಟೆಯ ಉದ್ದಕ್ಕೂ ಹಾಯಿಸಿ ಕೇಳಿದಳು:

"ಕುಬೇರಾ, ಹಿರೇರ ಮುಂದ ಚಪ್ಪಲಿ ಬಿಡಬೇಕು ಅಂತ ಈ ಬಾಳವ್ವಗ ಕಲಿಸಿದಾಕಿ ನಾನು. ನಿನಗೂ ಕಲಸೇನಿ. ಇಲ್ಲಿ ನನಗಿಂತ ಹಿರೇರು ಯಾರ ಅದೀರಪಾ? ಕಣ್ಣು ಕಾಣೂದಿಲ್ಲ, ಒಂದ ಮಾತು ಆಡ್ರಿ, ದನಿ ಗುರ್ತು ಹಿಡೀತೇನಿ."

ಯಾರೂ ಮಾತಾಡಲಿಲ್ಲ. ಅಲ್ಲಿ ಕೂತವರಲ್ಲಿ ಅರ್ಧ ಜನರಿಗೆ ನೀರೆರೆದು, ಹಾಲು ಕುಡಿಸಿ, ಕುಂಡೆಗೆ ಒಂದೇಟು ಕೊಟ್ಟು ಸಾಲೆಗೆ ಅಟ್ಟಿದವಳು ಆಕೆ. ಕುಬೇರಪ್ಪನ ದೃಷ್ಟಿ ಮೊದಲು ಆಕೆಯ ಮುಖದ ಮೇಲಿತ್ತು, ಆಮೇಲೆ ತನ್ನ ಕಾಲಿನ ಮೇಲೆ ಬಿತ್ತು. ಕಪ್ಪು ಕೊಲ್ಹಾಪುರಿ ಚಪ್ಪಲಿ, ಹೊಸದು, ಕಿರ್ ಕಿರ್ ಎನ್ನುವಂಥದ್ದು. ಓಣಿಯ ಬಾಗಿಲುಗಳಲ್ಲಿ ಅಷ್ಟೂ ಹೆಂಗಸರು ಆ ಚಪ್ಪಲಿಯನ್ನೇ ನೋಡುತ್ತಿದ್ದರು. ಅವನದೇ ಕಾನೂನು, ಇನ್ನೊಬ್ಬರು ಮಾಡಿದ್ದಾದರೆ ಮುರಿಯಬಹುದಿತ್ತು.

ಕುಬೇರಪ್ಪ ಒಂದು ಚಪ್ಪಲಿ ಕಳಚಿದ. ಎರಡನೆಯದನ್ನೂ ಕಳಚಿದ. ಟವೆಲ್ ಎತ್ತಿಕೊಂಡು, ಮರದ ಬುಡಕ್ಕೆ ಆತಿದ್ದ ತನ್ನ ಕಲ್ಲಿನಿಂದ ಎದ್ದು ಬರಿಗಾಲಲ್ಲಿ ಕೆಳಗಿಳಿದ. ಸಂಜೆಯಾಗಿದ್ದರೂ ಕಾಂಕ್ರೀಟು ಇನ್ನೂ ಕಾದಿತ್ತು. ಅವನು ಪಾದ ಬದಲಿಸಿ ಪಾದ ಬದಲಿಸಿ ನಿಂತದ್ದನ್ನು ಎಲ್ಲರೂ ಕಂಡರು. ಉಳಿದವರ ಚಪ್ಪಲಿಗಳೂ ಒಂದೊಂದಾಗಿ ಕೆಳಗೆ ಬಿದ್ದವು.

ಬಾಳವ್ವ ಅತ್ತೆಯ ಬಗಲಿಗೆ ಕೈ ಕೊಟ್ಟು ಕಟ್ಟೆಗೆ ಹತ್ತಿಸಿದಳು. ಮುದುಕಿ ಕೂತಳು, ಎರಡೂ ಅಂಗೈಯಿಂದ ಕಲ್ಲನ್ನು ಸವರಿದಳು.

"ತಂಪ ಐತಿ," ಎಂದಳು.

ಮಗ್ಗುಲಿಗೆ ಬಾಳವ್ವ ಕೂತಳು. ಬಾಗಿಲಿನಿಂದ ದಾಕ್ಷಾಯಿಣಿ ನಿಧಾನ ನಡೆದು ಬಂದಳು, ಅರ್ಧ ದಾರಿಯಲ್ಲಿ ರೂಢಿಯಂತೆ ಬಗ್ಗಿ, ಹಾಗೇ ಎದ್ದು, ಚಪ್ಪಲಿ ಮೆಟ್ಟಿಯೇ ಬಂದು ಆ ತುದಿಗೆ ಕೂತಳು. ಗಂಡನ ಕಡೆ ನೋಡಲಿಲ್ಲ.

"ಭಾವಾರ, ಕಾಲ ಸುಡತಾವು," ಬಾಳವ್ವ ಸ್ವಲ್ಪ ಸರಿದು ಜಾಗ ಮಾಡಿದಳು. "ಚಪ್ಪಲಿ ಹಾಕ್ಕೊಂಡು ನೀವೂ ಬಂದು ಕುಂದರ್ರಿ."

ಮೈಲಾರಪ್ಪ ಗ್ಲಾಸುಗಳನ್ನು ತೊಳೆದು ಸಾಲಾಗಿ ಇಟ್ಟುಕೊಂಡು, "ಅಮ್ಮಾರ, ನಿಮಗೂ ಸೊಸಿಗೂ ಬೈ ಟೂ ಮಾಡಲೇನ್ರಿ?" ಎಂದು ಕೇಳಿದ.

ನೀಲಗಂಗವ್ವ ದನಿ ಬಂದ ಕಡೆ ಮುಖ ತಿರುಗಿಸಿದಳು.

"ಅರ್ಧ ಬ್ಯಾಡಪಾ," ಎಂದಳು. "ಪೂರಾ ಕೊಡು."